ಮನದ ಮಾತಿಗೊಂದು ಅಳತೆಗೋಲು

ಕಲಬುರಗಿಯ ಒಂದು ಮನೆಯನ್ನು ವಾಚಕರು ಕಣ್ಣ ಮುಂದೆ ತಂದುಕೊಳ್ಳಲಿ. ಮನೆ ಕಲ್ಪನೆಯದು, ಅಲ್ಲಿಯ ಸಂಕಟ ಮಾತ್ರ ಕಲ್ಪನೆಯದಲ್ಲ. ವೈಶಾಖದ ಮಧ್ಯಾಹ್ನ. ಹೊರಗಿನ ಬಿಸಿಲು 40 ಡಿಗ್ರಿಯನ್ನು ದಾಟಿದೆ. ನಡುಮನೆಯ ಮಂಚದ ಮೇಲೆ ಮನೆಯ ಹಿರಿಯಾಕೆ ಮಲಗಿದ್ದಾಳೆ. ಸ್ನಾಯುಗಳನ್ನು ಆಳುವ ನರಗಳು ಒಂದೊಂದಾಗಿ ಸಾಯುವ ಎ.ಎಲ್.ಎಸ್. ಎಂಬ ವ್ಯಾಧಿ ಆಕೆಯದು. ಮೊದಲು ಕೈ ಸೋತಿತು, ಆಮೇಲೆ ಕಾಲು, ಕೊನೆಗೆ ನಾಲಗೆ. ಈಗ ಉಳಿದಿರುವುದು ಎರಡೇ: ಕಣ್ಣಿನ ಚಲನೆ ಮತ್ತು ಕುಂದದ ಬುದ್ಧಿ.

ಮಗಳು ಎದುರಿಗೆ ಅಕ್ಷರದ ಹಲಗೆ ಹಿಡಿದು ಕುಳಿತಿದ್ದಾಳೆ. ಕವರ್ಗ, ಚವರ್ಗ, ಟವರ್ಗ ಎಂದು ವ್ಯಂಜನಗಳ ಒಂದೊಂದು ಸಾಲನ್ನು ಬೆರಳಿನಿಂದ ತೋರಿಸುತ್ತಾಳೆ. ಬೇಕಾದ ಸಾಲು ಬಂದಾಗ ತಾಯಿ ರೆಪ್ಪೆ ಮುಚ್ಚುತ್ತಾಳೆ. ಬಳಿಕ ಆ ಸಾಲಿನ ಅಕ್ಷರಗಳ ಸರದಿ. ಮೊದಲು ‘ಕ’ ಬಂದಿತು. ಎರಡೇ ಪ್ರಶ್ನೆ ಸಾಕಾಯಿತು. ‘ಮ’ ಐದನೆಯ ಸಾಲಿನ ಐದನೆಯ ಅಕ್ಷರ. ಅದಕ್ಕೆ ಹತ್ತು ಪ್ರಶ್ನೆ. ‘ಲ’ ಆರನೆಯ ಸಾಲಿನ ಮೂರನೆಯದು, ಅದಕ್ಕೆ ಒಂಬತ್ತು. ಹೀಗೆ 21 ಪ್ರಶ್ನೆಗಳಾದ ಮೇಲೆ ಮಗಳಿಗೆ ಹೊಳೆಯಿತು.

“ಕಮಲಾಪುರ ಅಂತೀಯೇನು, ಯವ್ವಾ? ತವರುಮನಿ ನೆನಪಾಗ್ಯಾದೇನು?”

ರೆಪ್ಪೆ ಒಮ್ಮೆ ಮುಚ್ಚಿ ತೆರೆಯಿತು.

ಕಮಲಾಪುರ ಹುಮನಾಬಾದಿನ ದಾರಿಯಲ್ಲಿ, ಕಲಬುರಗಿಯಿಂದ 40 ಕಿಲೋಮೀಟರಿಗೂ ಕಡಿಮೆ ದೂರದಲ್ಲಿರುವ ಊರು. ಕೆಂಪು ಬಾಳೆಹಣ್ಣಿಗೆ ಹೆಸರಾದದ್ದು. ಬಸ್ಸು ಹತ್ತಿದವರಿಗೆ ಅದು ದೂರವೇ ಅಲ್ಲ. ಆದರೆ ಆ ಊರಿನ ಹೆಸರು ತಾಯಿಯ ಮನಸ್ಸಿನಿಂದ ಹೊರಟು ಮಗಳ ತಿಳಿವಿಗೆ ತಲುಪಬೇಕಾದರೆ ಅದೆಷ್ಟು ದೀರ್ಘ ಪ್ರಯಾಣ! ಈ ದಾರಿಯನ್ನು ಕಿರಿದುಗೊಳಿಸುವ ಯಂತ್ರವೊಂದನ್ನು ವಿಜ್ಞಾನಿಗಳು ಅರ್ಧ ಶತಮಾನದಿಂದ ಕಟ್ಟುತ್ತಿದ್ದಾರೆ. ಅದಕ್ಕೆ ‘ಬ್ರೈನ್ ಕಂಪ್ಯೂಟರ್ ಇಂಟರ್‌ಫೇಸ್’ ಎಂದು ಹೆಸರು. ಕನ್ನಡದಲ್ಲಿ ಮಿದುಳು–ಗಣಕ ಸೇತು ಎನ್ನಬಹುದು. ಯಂತ್ರವನ್ನು ಕಟ್ಟುವುದು ಒಂದು ಸಾಹಸವಾದರೆ, ಅದು ನಿಜವಾಗಿ ಎಷ್ಟು ಕೆಲಸ ಮಾಡುತ್ತದೆಂದು ಪ್ರಾಮಾಣಿಕವಾಗಿ ಅಳೆಯುವುದು ಅದಕ್ಕಿಂತ ಕಿರಿದಾದ ಸಾಹಸವೇನೂ ಅಲ್ಲ.

ಹಲಗೆಯಿಂದ ಯಂತ್ರಕ್ಕೆ

ಮಿದುಳು ಕೆಲಸ ಮಾಡುವಾಗ ಅತಿ ಸೂಕ್ಷ್ಮವಾದ ವಿದ್ಯುತ್ತು ಹುಟ್ಟುತ್ತದೆ. ಜರ್ಮನಿಯ ಯೇನಾ ನಗರದ ವೈದ್ಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ತಲೆಯಿಂದ ಅದನ್ನು ಮೊದಲ ಬಾರಿ ದಾಖಲಿಸಿ, 1929ರಲ್ಲಿ ಲೋಕಕ್ಕೆ ತಿಳಿಸಿದ. ಇಂದು ಆಸ್ಪತ್ರೆಗಳಲ್ಲಿ ಅಪಸ್ಮಾರದ ರೋಗಿಗಳಿಗೆ ತೆಗೆಸುವ ಇ.ಇ.ಜಿ. ಪರೀಕ್ಷೆ ಅದರದೇ ಸಂತಾನ. ಈ ವಿದ್ಯುತ್ತಿನ ಪ್ರಮಾಣ ಒಂದು ವೋಲ್ಟಿನ ಹತ್ತು ಲಕ್ಷ ಪಾಲುಗಳಲ್ಲಿ ಕೆಲವು ಹತ್ತು ಪಾಲುಗಳಷ್ಟು ಮಾತ್ರ.

1965ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಸಟನ್ ಮತ್ತು ಸಂಗಡಿಗರು ಒಂದು ವಿಶೇಷವನ್ನು ಕಂಡರು. ಮನುಷ್ಯನು ಕಾದು ಕುಳಿತ, ಆದರೆ ಅಪರೂಪಕ್ಕೆ ಬರುವ ಸಂಕೇತವೊಂದು ಬಂದಾಗ, ಸುಮಾರು 300 ಮಿಲಿಸೆಕೆಂಡುಗಳ ಬಳಿಕ ಮಿದುಳಿನಲ್ಲಿ ಒಂದು ಅಲೆ ಏಳುತ್ತದೆ. “ಇಗೋ, ಬಂದಿತು!” ಎಂದು ಮನಸ್ಸು ಒಳಗೇ ಚಪ್ಪಾಳೆ ತಟ್ಟಿದಂತೆ. ಆ ಅಲೆಗೆ ‘ಪಿ-300’ ಎಂದು ಹೆಸರಾಯಿತು. 1973ರಲ್ಲಿ ಲಾಸ್ ಏಂಜಲೀಸಿನ ಜಾಕ್ ವಿದಾಲ್ ಮಿದುಳಿನ ಸಂಕೇತಗಳಿಂದ ಕಂಪ್ಯೂಟರನ್ನು ನಡೆಸುವ ವಿಚಾರವನ್ನು ಮುಂದಿಟ್ಟು, ಈ ಶಾಸ್ತ್ರಕ್ಕೆ ಇಂದಿನ ಹೆಸರನ್ನು ಕೊಟ್ಟ.

1988ರಲ್ಲಿ ಲಾರೆನ್ಸ್ ಫಾರ್ವೆಲ್ ಮತ್ತು ಇಮ್ಯಾನ್ಯುಯೆಲ್ ಡಾಂಚಿನ್ ಎಂಬಿಬ್ಬರು ಇವೆರಡನ್ನೂ ಕೂಡಿಸಿದರು. ಪರದೆಯ ಮೇಲೆ ಆರು ಸಾಲು, ಆರು ಕಂಬಗಳಲ್ಲಿ 36 ಚಿಹ್ನೆಗಳು. ಸಾಲುಗಳೂ ಕಂಬಗಳೂ ಕ್ರಮವಿಲ್ಲದೆ ಒಂದೊಂದಾಗಿ ಮಿನುಗುತ್ತವೆ. ನೋಡುವವನು ತನಗೆ ಬೇಕಾದ ಅಕ್ಷರದ ಮೇಲೆ ಲಕ್ಷ್ಯವಿಟ್ಟರೆ ಸಾಕು. ಅದಿರುವ ಸಾಲು ಮತ್ತು ಕಂಬ ಮಿನುಗಿದಾಗ ಮಾತ್ರ ಆ ಅಲೆ ಏಳುತ್ತದೆ. ಎರಡೂ ಸೇರುವ ಮನೆಯಲ್ಲಿರುವುದೇ ಅಕ್ಷರ. ಕಲಬುರಗಿಯ ಆ ಮಗಳು ಬೆರಳಿನಿಂದ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಬೆಳಕು ಮಾಡುತ್ತದೆ. ರೆಪ್ಪೆಯ ಬದಲು ಮಿದುಳು ಉತ್ತರ ಕೊಡುತ್ತದೆ. ಅಂದಿನ ಯಂತ್ರದ ವೇಗ ನಿಮಿಷಕ್ಕೆ 2.3 ಅಕ್ಷರ. ‘ಕಮಲಾಪುರ’ ಎಂದು ಬರೆಯಲು ಕ, ಮ, ಲ, ದೀರ್ಘ, ಪ, ಕೊಂಬು, ರ ಎಂದು ಏಳು ಚಿಹ್ನೆ ಬೇಕು. ಅಂದರೆ ಮೂರು ನಿಮಿಷ.

ಬೇಗವೋ, ಸರಿಯೋ?

ಇಲ್ಲಿ ಅಳತೆಯ ಪ್ರಶ್ನೆ ಹುಟ್ಟುತ್ತದೆ. ಒಂದು ಯಂತ್ರ ನಿಮಿಷಕ್ಕೆ ಹತ್ತು ಅಕ್ಷರ ಆರಿಸಿ ನಾಲ್ಕನ್ನು ತಪ್ಪಿಸುತ್ತದೆ. ಇನ್ನೊಂದು ಐದನ್ನು ಆರಿಸಿ ಒಂದನ್ನೂ ತಪ್ಪಿಸುವುದಿಲ್ಲ. ಇವುಗಳಲ್ಲಿ ಉತ್ತಮವಾದುದು ಯಾವುದು? ವೇಗವೊಂದನ್ನೇ ಹೊಗಳುವುದು, ಕಮಲಾಪುರಕ್ಕೆಂದು ಹತ್ತಿಸಿಕೊಂಡು ಬೇರೆ ಊರಿನಲ್ಲಿ ಇಳಿಸುವ ಬಸ್ಸಿನ ಓಟವನ್ನು ಹೊಗಳಿದಂತೆ.

ವೇಗವನ್ನೂ ನಿಖರತೆಯನ್ನೂ ಒಂದೇ ತಕ್ಕಡಿಯಲ್ಲಿಡುವ ಉಪಾಯ 1948ರಲ್ಲೇ ದೊರೆತಿತ್ತು. ಕ್ಲಾಡ್ ಶ್ಯಾನನ್ ಎಂಬ ಗಣಿತಜ್ಞ ಆ ವರ್ಷ ಮಾಹಿತಿಯನ್ನು ‘ಬಿಟ್’ ಎಂಬ ಮಾನದಿಂದ ಅಳೆಯಬಹುದೆಂದು ತೋರಿಸಿದ. ಸಮಾನ ಸಂಭವವುಳ್ಳ ‘ಹೌದು–ಇಲ್ಲ’ಗಳಲ್ಲಿ ಒಂದನ್ನು ತಿಳಿಸಿದರೆ ಒಂದು ಬಿಟ್. ನ್ಯೂಯಾರ್ಕ್ ರಾಜ್ಯದ ಜೊನಾಥನ್ ವೊಲ್ಪಾ ಮತ್ತು ಸಂಗಡಿಗರು ಕಳೆದ ಶತಮಾನದ ಕೊನೆಯ ವರ್ಷಗಳಲ್ಲಿ ಈ ಲೆಕ್ಕವನ್ನು ಮಿದುಳು–ಗಣಕ ಸೇತುವಿಗೆ ಅನ್ವಯಿಸಿದರು. 36 ಮನೆಗಳ ಪರದೆಯಲ್ಲಿ ಒಂದೂ ತಪ್ಪದೆ ಆರಿಸಿದರೆ ಪ್ರತಿ ಆಯ್ಕೆಗೂ 5.17 ಬಿಟ್. ನೂರರಲ್ಲಿ 90 ಸರಿಯಾದರೆ 4.19. ನೂರರಲ್ಲಿ 50 ಸರಿಯಾದರೆ? ಅರ್ಧ ಎಂದು ಯಾರಾದರೂ ಹೇಳಿಯಾರು. ಹಾಗಲ್ಲ, ಬರಿಯ 1.6. ಮೂರರಲ್ಲೊಂದು ಪಾಲಿಗಿಂತಲೂ ಕಡಿಮೆ.

ಮನೆಯವರಿಗೆ ಬಿಟ್ಟಿನ ಲೆಕ್ಕ ದೂರವೆನಿಸಿದರೆ ‘ಕಮಲಾಪುರ’ವನ್ನೇ ಅಳತೆಗೋಲಾಗಿ ಹಿಡಿಯಬಹುದು. ತಪ್ಪು ಅಕ್ಷರ ಬಿದ್ದರೆ ಅದನ್ನು ಅಳಿಸಬೇಕು. ಅಳಿಸುವ ಆಜ್ಞೆಯನ್ನೂ ಯಂತ್ರ ತಪ್ಪಾಗಿ ತಿಳಿಯಬಹುದು. ಆಗ ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. ನೂರಕ್ಕೆ 90 ಸರಿ ಇರುವ ಯಂತ್ರದಲ್ಲಿ ಏಳು ಚಿಹ್ನೆಗಳಿಗೆ ಸರಾಸರಿ ಸುಮಾರು ಒಂಬತ್ತು ಆಯ್ಕೆ ಸಾಕು. 75ಕ್ಕೆ ಇಳಿದರೆ 14 ಆಯ್ಕೆ. 60ಕ್ಕೆ ಇಳಿದರೆ 35. ನೂರಕ್ಕೆ 50 ಆದಾಗ ಈ ಲೆಕ್ಕ ಅನಂತಕ್ಕೆ ಓಡುತ್ತದೆ. ಮುಂದಿಟ್ಟಷ್ಟೇ ಹೆಜ್ಜೆಯನ್ನು ಹಿಂದಿಡುವ ಪ್ರಯಾಣಿಕ ಊರು ಸೇರುವುದೆಂದು? 60ರಿಂದ 75ಕ್ಕೆ ಏರಿಸುವ ಸುಧಾರಣೆ ಕಾಗದದ ಮೇಲೆ ಸಣ್ಣದಾಗಿ ಕಾಣಬಹುದು. ಮಂಚದ ಮೇಲಿರುವವರಿಗೆ ಅದು ಶ್ರಮವನ್ನು ಅರ್ಧಕ್ಕಿಂತಲೂ ಕಡಿಮೆ ಮಾಡಿಕೊಡುವ ವರ.

ಒಂದು ವಿನೋದವೂ ಇದರಲ್ಲಿದೆ. ‘ಗುಲ್ಬರ್ಗಾ’ ಎಂದು ಬರೆಯಲು ಒಂಬತ್ತು ಚಿಹ್ನೆ ಬೇಕು, ‘ಕಲಬುರಗಿ’ಗೆ ಏಳೇ. 2014ರಲ್ಲಿ ಊರಿನ ಹೆಸರು ಬದಲಾದಾಗ ಇಂಥದೊಂದು ಉಳಿತಾಯವೂ ಆಗುತ್ತದೆಂದು ಯಾರೂ ಎಣಿಸಿರಲಾರರು!

ಚೀಲದ ತೂಕವನ್ನು ಕಳೆಯಬೇಕು

ಕಲಬುರಗಿಯ ಗಂಜಿನಲ್ಲಿ ತೊಗರಿ ತೂಗುವವರಿಗೆ ಒಂದು ನಿಯಮ ಗೊತ್ತು. ಚೀಲದ ಸಮೇತ ತೂಗಿದರೆ, ಚೀಲದ ತೂಕವನ್ನು ಕಳೆದ ಮೇಲೆ ಉಳಿದದ್ದೇ ತೊಗರಿ. ಮಿದುಳಿನ ಯಂತ್ರಕ್ಕೂ ಇಂಥ ಚೀಲವೊಂದುಂಟು. ಅದರ ಹೆಸರು ಆಕಸ್ಮಿಕ.

‘ಹೌದು–ಇಲ್ಲ’ ಎಂಬ ಎರಡೇ ಉತ್ತರಗಳಿದ್ದಾಗ, ನಾಣ್ಯ ಚಿಮ್ಮಿದರೂ ನೂರಕ್ಕೆ 50 ಸರಿ ಬಂದೀತು. ಆದುದರಿಂದ ನೂರಕ್ಕೆ 70 ಸರಿ ಎಂದಾಗ ಸಂತೋಷಪಡುವ ಮೊದಲು ಚೀಲವನ್ನು ಕಳೆಯಬೇಕು. ಶ್ಯಾನನ್ನನ ಲೆಕ್ಕದಲ್ಲಿ ಅಂಥ ಒಂದು ಉತ್ತರದ ಬೆಲೆ ಒಂದು ಬಿಟ್ಟಿನ ಎಂಟನೆಯ ಒಂದು ಪಾಲನ್ನೂ ಮುಟ್ಟುವುದಿಲ್ಲ. ಅದೇ ಪ್ರಶ್ನೆಯನ್ನು ಬೇರೆ ಬೇರೆಯಾಗಿ ಒಂಬತ್ತು ಬಾರಿ ಕೇಳಿ, ಹೆಚ್ಚು ಬಂದ ಉತ್ತರವನ್ನು ಹಿಡಿದರೆ ಮಾತ್ರ ನೂರಕ್ಕೆ 90ರ ಭರವಸೆ ದೊರೆಯುತ್ತದೆ.

ಇದು ಬರಿಯ ಗಣಿತವಲ್ಲವೆಂಬುದಕ್ಕೆ ಒಂದು ಪ್ರಕರಣವೇ ಸಾಕ್ಷಿ. ಕಣ್ಣನ್ನೂ ಚಲಿಸಲಾಗದ ನಾಲ್ವರು ರೋಗಿಗಳು ಮಿದುಳಿನ ರಕ್ತಸಂಚಾರದ ಮೂಲಕ ‘ಹೌದು–ಇಲ್ಲ’ ಎಂದು ಉತ್ತರಿಸಿದರೆಂದು 2017ರಲ್ಲಿ ಒಂದು ಪ್ರಬಂಧ ಸಾರಿತು. ಸರಿಯುತ್ತರಗಳು ನೂರಕ್ಕೆ ಸುಮಾರು 70 ಎಂದು ಅದರಲ್ಲಿತ್ತು. ಲೋಕವೆಲ್ಲ ಬೆರಗಾಯಿತು. ಆದರೆ ಮತ್ತೊಬ್ಬ ವಿಜ್ಞಾನಿ ಅದೇ ಅಂಕಿಗಳನ್ನು ಪುನಃ ಪರಿಶೀಲಿಸಿದಾಗ ಆ ಫಲ ಕಾಣಲಿಲ್ಲ. 2019ರಲ್ಲಿ ‘ಪ್ಲಾಸ್ ಬಯಾಲಜಿ’ ಪತ್ರಿಕೆಯು ಪ್ರಬಂಧವನ್ನು ಹಿಂತೆಗೆದುಕೊಂಡಿತು. “ಅಮ್ಮ ಹೌದೆಂದಳು” ಎಂದು ನಂಬಿ ಒಂದು ಮನೆಯವರು ಚಿಕಿತ್ಸೆಯನ್ನೋ ಆಸ್ತಿಯನ್ನೋ ನಿರ್ಧರಿಸುವಂತಾದರೆ, ಆ ‘ಹೌದು’ ಅಮ್ಮನದಾಗಿರಬೇಕು, ಆಕಸ್ಮಿಕದ್ದಾಗಿರಬಾರದು.

ಇನ್ನೂ ಎರಡು ಮೋಸಗಳುಂಟು. ಪಾಠದಲ್ಲಿ ಮಾಡಿಸಿದ ಲೆಕ್ಕಗಳನ್ನೇ ಪರೀಕ್ಷೆಯಲ್ಲಿ ಕೊಟ್ಟರೆ ದಡ್ಡನೂ ನೂರಕ್ಕೆ ನೂರು ತೆಗೆದಾನು. ಯಂತ್ರಕ್ಕೆ ಕಲಿಸಿದ ಅಂಕಿಗಳಿಂದಲೇ ಯಂತ್ರವನ್ನು ಪರೀಕ್ಷಿಸುವುದೂ ಅಂಥದೇ. ಎರಡನೆಯದು ಕಣ್ಣಿನ ರೆಪ್ಪೆ. ಅದು ಮಿಟುಕಿದಾಗ ಹುಟ್ಟುವ ವಿದ್ಯುತ್ತು ಮಿದುಳಿನ ಅಲೆಗಿಂತ ಎಷ್ಟೋ ಪಾಲು ದೊಡ್ಡದು. ಯಂತ್ರ ಓದುತ್ತಿರುವುದು ರೆಪ್ಪೆಯನ್ನಾದರೆ, ತಲೆಗೆ ಟೊಪ್ಪಿಗೆ ಏಕೆ? ಮಗಳ ಹಲಗೆಯೇ ಸಾಕಲ್ಲ! ಕಣ್ಣು ಚಲಿಸುವ ರೋಗಿಗೆ, ನೋಟವನ್ನು ಹಿಂಬಾಲಿಸುವ ಕ್ಯಾಮೆರಾ ಎಷ್ಟೋ ಬಾರಿ ಮಿದುಳಿನ ಟೊಪ್ಪಿಗೆಗಿಂತ ಬೇಗ ಕೆಲಸ ಮಾಡುತ್ತದೆ. ಆದುದರಿಂದ ಯಂತ್ರವನ್ನು ಹೋಲಿಸಬೇಕಾದುದು ಮೌನದೊಡನೆ ಅಲ್ಲ. ಮನೆಯಲ್ಲಿ ಈಗಾಗಲೇ ಇರುವ ಉಪಾಯದೊಡನೆ.

ಜಾತ್ರೆಯಲ್ಲಿ ಕೂಗಿದಂತೆ

ಇನ್ನು ಸುಧಾರಣೆಯ ಮಾತು. ಶರಣಬಸವೇಶ್ವರರ ಜಾತ್ರೆಯ ಜನಜಂಗುಳಿಯಲ್ಲಿ ಒಬ್ಬರು ಇನ್ನೊಬ್ಬರ ಹೆಸರು ಹಿಡಿದು ಕೂಗಿದರೆ ಒಂದೇ ಸಲಕ್ಕೆ ಕೇಳಿಸದು. ಮತ್ತೆ ಮತ್ತೆ ಕೂಗಬೇಕು. ಪಿ-300 ಅಲೆಯೂ ಮಿದುಳಿನ ಇತರ ಗದ್ದಲದಲ್ಲಿ ಮುಳುಗಿರುತ್ತದೆ. ಒಂದೇ ಅಕ್ಷರವನ್ನು ನಾಲ್ಕು ಬಾರಿ ಮಿನುಗಿಸಿ ಸರಾಸರಿ ತೆಗೆದರೆ ಗದ್ದಲ ಅರ್ಧಕ್ಕಿಳಿಯುತ್ತದೆ. 16 ಬಾರಿ ಮಿನುಗಿಸಿದರೆ ಕಾಲು ಭಾಗಕ್ಕೆ. ಆದರೆ ಸಮಯವೂ ಅಷ್ಟೇ ಪಟ್ಟು ಬೆಳೆಯುತ್ತದೆ. ನಿಖರತೆಯನ್ನು ಕೊಳ್ಳಲು ತೆರಬೇಕಾದ ಬೆಲೆ ಕಾಲ. ಆದುದರಿಂದಲೇ, ಉತ್ತರ ಖಾತರಿಯಾದೊಡನೆ ಮಿನುಗುವಿಕೆಯನ್ನು ನಿಲ್ಲಿಸಿ, ಸಂಶಯವಿದ್ದಾಗ ಮಾತ್ರ ಮುಂದುವರಿಸುವ ಕ್ರಮ ಬಳಕೆಗೆ ಬಂದಿದೆ.

ಸ್ಥಳದ ಪ್ರಭಾವವನ್ನೂ ಮರೆಯುವಂತಿಲ್ಲ. ತಂಪಾದ ಪ್ರಯೋಗಶಾಲೆಯಲ್ಲಿ ಪಡೆದ ಅಂಕ ಕಲಬುರಗಿಯ ಬೇಸಗೆಗೆ ಸಲ್ಲದಿರಬಹುದು. ನೆತ್ತಿಯ ಬೆವರು ಇ.ಇ.ಜಿ. ಗೆರೆಗಳನ್ನು ನಿಧಾನವಾಗಿ ಅತ್ತಿತ್ತ ಸರಿಸುತ್ತದೆ. ಮನೆಯ ವಿದ್ಯುತ್ ತಂತಿಗಳ 50 ಹರ್ಟ್ಸ್ ಗುಂಯ್‌ಗಾಟ ಬೆರೆಯುತ್ತದೆ. ರೋಗಿಯ ಆಯಾಸ ಬೆಳಿಗ್ಗೆ ಒಂದು ಬಗೆ, ಸಂಜೆ ಒಂದು ಬಗೆ. ಬಳಸುವ ಮನೆಯಲ್ಲಿ, ಬಳಸುವ ವ್ಯಕ್ತಿಯಿಂದ, ಹಲವು ದಿನ ಅಳೆದ ಅಂಕವೇ ನಿಜವಾದ ಅಂಕ. ನೂರರಲ್ಲಿ 15ರಿಂದ 30 ಮಂದಿಗೆ ಇಂಥ ಯಂತ್ರಗಳು ಒಗ್ಗುವುದಿಲ್ಲವೆಂದು ಹೇಳುವುದುಂಟು. ಮೊದಮೊದಲು ಅವರನ್ನು ‘ಅನಕ್ಷರಸ್ಥರು’ ಎಂದು ಕರೆದುಬಿಟ್ಟರು! ದೋಷ ಓದಲಾರದ ಯಂತ್ರದ್ದೇ ಹೊರತು ಓದಿಸಿಕೊಳ್ಳುವ ಮನುಷ್ಯನದಲ್ಲವೆಂಬ ಆಕ್ಷೇಪ ಬಳಿಕ ಎದ್ದಿತು.

ತಲೆಬುರುಡೆಯ ಒಳಗೆ

ಹೊರಗಿನಿಂದ ಕೇಳುವುದು ಗೋಡೆಯಾಚೆಯ ಸಂಭಾಷಣೆಗೆ ಕಿವಿಗೊಟ್ಟಂತೆ. ಶಸ್ತ್ರಚಿಕಿತ್ಸೆಯಿಂದ ಮಿದುಳಿನ ಮೇಲ್ಪದರದಲ್ಲೇ ಸೂಕ್ಷ್ಮ ಸೂಜಿಗಳನ್ನು ನೆಟ್ಟರೆ ಒಂದೊಂದು ನರಕೋಶದ ದನಿಯೂ ಕೇಳಿಸುತ್ತದೆ. ಈ ದಾರಿಯಲ್ಲಿ ಮುಂದಾಳುಗಳಲ್ಲೊಬ್ಬರು ಸ್ಟ್ಯಾನ್‌ಫರ್ಡಿನ ಕೃಷ್ಣ ಶೆಣೈ. ಕರಾವಳಿಯ ಕನ್ನಡಿಗರಿಗೆ ಪರಿಚಿತವಾದ ಕುಲನಾಮದ ಈ ವಿಜ್ಞಾನಿ 2006ರಲ್ಲಿ ಸಂಗಡಿಗರೊಡನೆ ಮಂಗಗಳ ಪ್ರಯೋಗದಲ್ಲಿ ಸೆಕೆಂಡಿಗೆ 6.5 ಬಿಟ್ ವೇಗವನ್ನು ತೋರಿಸಿದರು. 2017ರಲ್ಲಿ ಅವರ ಬಳಗದ ಯಂತ್ರದಿಂದ ಕೈಕಾಲುಗಳ ಸ್ವಾಧೀನ ಕಳೆದುಕೊಂಡವರೊಬ್ಬರು ನಿಮಿಷಕ್ಕೆ 39 ಸರಿಯಾದ ಅಕ್ಷರಗಳನ್ನು ಆರಿಸಿದರು. 2021ರಲ್ಲಿ ಇನ್ನೊಂದು ಹೆಜ್ಜೆ: ಕೈ ಚಲಿಸದ ವ್ಯಕ್ತಿಯೊಬ್ಬರು ಕೈಬರಹವನ್ನು ಮನಸ್ಸಿನಲ್ಲೇ ಬರೆದರು, ಯಂತ್ರ ಅದನ್ನು ನಿಮಿಷಕ್ಕೆ 90 ಅಕ್ಷರದಂತೆ ಓದಿತು. 1988ರಲ್ಲಿ ಮೂರು ನಿಮಿಷ ಹಿಡಿಯುತ್ತಿದ್ದ ಏಳು ಚಿಹ್ನೆಗಳು ಈ ವೇಗದಲ್ಲಿ ಐದು ಸೆಕೆಂಡಿನೊಳಗೆ ಮುಗಿಯುತ್ತವೆ. ಶೆಣೈ 2023ರ ಜನವರಿಯಲ್ಲಿ ತೀರಿಕೊಂಡರು.

2024ರಲ್ಲಿ ಕ್ಯಾಲಿಫೋರ್ನಿಯಾದಿಂದ ಬಂದ ವರದಿ ಇನ್ನೂ ಹೃದಯಸ್ಪರ್ಶಿ. ಎ.ಎಲ್.ಎಸ್. ರೋಗದಿಂದ ಮಾತು ಸ್ಪಷ್ಟತೆ ಕಳೆದುಕೊಂಡಿದ್ದ 45 ವರ್ಷದ ಗೃಹಸ್ಥನೊಬ್ಬನ ಮಿದುಳಿನಲ್ಲಿ 256 ವಿದ್ಯುದ್ವಾರಗಳನ್ನು ಇರಿಸಿದ್ದರು. ಆತ ಮಾತನಾಡಲು ಯತ್ನಿಸಿದಾಗ ಯಂತ್ರ ಆ ಪದಗಳನ್ನು ಊಹಿಸಿ ಗಟ್ಟಿಯಾಗಿ ಹೇಳಿತು. 1,25,000 ಪದಗಳ ಕೋಶದೊಡನೆ ಮೊದಲು ನೂರಕ್ಕೆ 90.2 ಸರಿ ಬಂದಿತು. ಮುಂದಿನ ಅಭ್ಯಾಸದಿಂದ 97.5. ಈ ಎರಡು ಅಂಕಗಳ ಅಂತರವೇನು? ಹತ್ತು ಪದಕ್ಕೊಂದು ತಪ್ಪುವುದಕ್ಕೂ ನಲವತ್ತು ಪದಕ್ಕೊಂದು ತಪ್ಪುವುದಕ್ಕೂ ಇರುವ ಅಂತರ. ಮೊದಲನೆಯದರಲ್ಲಿ ಕೇಳುವವರು ದಣಿಯುತ್ತಾರೆ. ಎರಡನೆಯದರಲ್ಲಿ ಸಂಭಾಷಣೆ ನಡೆಯುತ್ತದೆ. ಆದರೆ ಈ ಫಲಕ್ಕೆ ತಲೆಬುರುಡೆಯನ್ನು ತೆರೆಯಬೇಕು. ಸೋಂಕಿನ ಭಯವನ್ನೂ, ಸಂಕೇತಗಳು ದಿನದಿಂದ ದಿನಕ್ಕೆ ಬದಲಾಗುವ ತೊಡಕನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕನ್ನಡದ ಲೆಕ್ಕ

ಅಕ್ಷರ, ಪದಗಳನ್ನು ಓದಿದ ಮೇಲಿನ ಯಂತ್ರಗಳ ಅಂಕಗಳು ಇಂಗ್ಲಿಷಿನವು. ಅವುಗಳನ್ನು ಹಾಗೆಯೇ ಕನ್ನಡಕ್ಕೆ ತರಲಾಗದು. ಇಂಗ್ಲಿಷಿನ 36 ಮನೆಗಳಲ್ಲಿ ನಮ್ಮ ವರ್ಣಮಾಲೆ ಹಿಡಿಸುವುದಿಲ್ಲ. ಕಾಗುಣಿತವನ್ನೆಲ್ಲ ಬಿಡಿಬಿಡಿಯಾಗಿ ಇಡಹೊರಟರೆ 34 ವ್ಯಂಜನಗಳಿಂದಲೇ 510 ರೂಪಗಳಾಗುತ್ತವೆ; ಒತ್ತಕ್ಷರಗಳ ಮಾತು ಬೇರೆ. ಆದರೆ ಮೂಲಾಕ್ಷರಗಳು 49. ಏಳು ಸಾಲು, ಏಳು ಕಂಬಗಳ ಪರದೆಯಲ್ಲಿ ಅವು ಸರಿಯಾಗಿ ಕುಳಿತುಕೊಳ್ಳುತ್ತವೆ! ವ್ಯಂಜನದ ಬಳಿಕ ಸ್ವರವನ್ನಾರಿಸಿದರೆ ಯಂತ್ರವೇ ಗುಣಿತಾಕ್ಷರವನ್ನು ಕಟ್ಟಬಹುದು. ಒತ್ತು, ಅಳಿಸುವಿಕೆ, ಪದಗಳ ನಡುವಣ ತೆರವು ಮೊದಲಾದವಕ್ಕೆ ಇನ್ನೊಂದು ಸಾಲು ಸೇರಿಸಿದರೆ 56 ಮನೆ. ಒಂದು ಸುತ್ತಿಗೆ ಇಂಗ್ಲಿಷಿನಲ್ಲಿ 12 ಮಿನುಗು, ಕನ್ನಡದಲ್ಲಿ 15. ಭಾರ ಹೆಚ್ಚು, ಆದರೆ ಹೊರಲಾಗದಷ್ಟಲ್ಲ.

‘ನಿಮಿಷಕ್ಕೆ ಇಷ್ಟು ಪದ’ ಎಂಬ ಅಳತೆಯೂ ಕನ್ನಡಕ್ಕೆ ಒಪ್ಪುವುದಿಲ್ಲ. “ಕಮಲಾಪುರಕ್ಕೆ ಹೋಗಬೇಕಾಗಿದೆ” ಎಂಬುದು ಎರಡೇ ಪದ. ಅದರೊಳಗೆ ಊರು, ದಿಕ್ಕು, ಹೋಗುವಿಕೆ, ಅಗತ್ಯ ನಾಲ್ಕೂ ಅಡಗಿವೆ. ಪ್ರತ್ಯಯಗಳು ಸೇರಿ ಪದ ಬೆಳೆಯುವ ಭಾಷೆಯಲ್ಲಿ, ಮುಂದಿನ ಪದವನ್ನು ಊಹಿಸುವ ಯಂತ್ರವೂ ಬೇರೆ ಬಗೆಯ ಪಾಠವನ್ನೇ ಕಲಿಯಬೇಕಾಗುತ್ತದೆ.

ಕಲಬುರಗಿಯಿಂದ ಸುಮಾರು 600 ಕಿಲೋಮೀಟರ್ ದೂರದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ದಿಕ್ಕಿನ ಕೆಲಸ ನಡೆದಿದೆ. ಮುದ್ರಿತ ಕನ್ನಡವನ್ನು ಕಂಪ್ಯೂಟರಿಗೆ ಓದಲು ಕಲಿಸಿದ ಎ. ಜಿ. ರಾಮಕೃಷ್ಣನ್ ಅವರ ಪ್ರಯೋಗಾಲಯವು, ನಾಲಗೆ ಆಡಿಸದೆ ಮನಸ್ಸಿನಲ್ಲೇ ಉಚ್ಚರಿಸಿದ ಮಾತನ್ನು ಇ.ಇ.ಜಿ.ಯಿಂದ ಗುರುತಿಸುವ ವಿಷಯದಲ್ಲಿಯೂ ಸಂಶೋಧನೆ ನಡೆಸಿ, 2021ರಲ್ಲಿ ಈ ಕ್ಷೇತ್ರದ ವಿಸ್ತಾರವಾದ ಸಮೀಕ್ಷೆಯನ್ನು ಪ್ರಕಟಿಸಿತು. ಇಂಥ ಪ್ರಯೋಗಗಳು ಸಾಮಾನ್ಯವಾಗಿ ಮೊದಲೇ ಗೊತ್ತುಮಾಡಿದ ಕೆಲವು ಧ್ವನಿ ಅಥವಾ ಪದಗಳಲ್ಲಿ ಒಂದನ್ನು ಗುರುತಿಸುವ ಹಂತದವು. ಮನಬಂದಂತೆ ಆಡುವ ಮಾತಿಗೆ ದಾರಿ ಇನ್ನೂ ದೂರವಿದೆ. ಎಷ್ಟು ದೂರವೆಂಬುದನ್ನು ಕೂಡ ಅಳತೆಯೇ ಹೇಳಬೇಕು.

ಕೇಳುವ ಯಂತ್ರ ಬೇಕು

ಈಗ ಮತ್ತೆ ಕಲಬುರಗಿಯ ಆ ಮನೆಗೆ ಬರಬಹುದು. ಮಗಳು ಏಳು ಚಿಹ್ನೆಗಳಲ್ಲಿ ಮೂರನ್ನು ಮಾತ್ರ ಪಡೆದು ‘ಕಮಲಾಪುರ’ವನ್ನು ಊಹಿಸಿದಳು. ಇಂದಿನ ಯಂತ್ರಗಳ ವೇಗದ ಹಿಂದಿರುವ ಗುಟ್ಟುಗಳಲ್ಲಿ ಇದೂ ಒಂದು: ಅವು ಕೇಳಿದ್ದಕ್ಕಿಂತ ಹೆಚ್ಚನ್ನು ಊಹಿಸುತ್ತವೆ. ಆದರೆ ಊಹೆ ಜಾಣವಾದಷ್ಟೂ ಒಂದು ಅಪಾಯವಿದೆ. ತಾಯಿ ‘ಕಮಲಮ್ಮ’ ಎಂಬ ಹಳೆಯ ಗೆಳತಿಯನ್ನು ನೆನೆದಿದ್ದರೆ? ಯಂತ್ರ ‘ಕಮಲಾಪುರ’ವೆಂದು ಹೇಳಿಬಿಟ್ಟರೆ, ಮೂಕಿಯಾದ ಆಕೆಯ ಬಾಯಲ್ಲಿ ಇಲ್ಲದ ಮಾತನ್ನಿಟ್ಟಂತಾಗುತ್ತದೆ.

ಮಗಳು ಹಾಗೆ ಮಾಡಲಿಲ್ಲ. ಊಹಿಸಿದಳು, ಆಮೇಲೆ ಕೇಳಿದಳು, ರೆಪ್ಪೆಯ ಉತ್ತರಕ್ಕೆ ಕಾದಳು. ಯಂತ್ರದ ಅಳತೆಯಲ್ಲಿ ವೇಗದ ಜೊತೆಗೆ, ನಿಖರತೆಯ ಜೊತೆಗೆ, ಇದಕ್ಕೂ ಒಂದು ಅಂಕವಿರಬೇಕು: “ಅಲ್ಲ” ಎಂದು ಹೇಳಲು ಅದು ಎಷ್ಟು ಸುಲಭವಾಗಿ ಎಡೆಗೊಡುತ್ತದೆ? ಮಗಳ ಹಲಗೆಯನ್ನು ಈ ಮೂರರಲ್ಲೂ ಮೀರಿಸುವ ಯಂತ್ರ ಬಂದ ದಿನ ಆ ಹಲಗೆಯನ್ನು ಗೋಡೆಗೆ ತೂಗುಹಾಕಬಹುದು. ಅಲ್ಲಿಯವರೆಗೆ ಅದು ಮಂಚದ ಪಕ್ಕದಲ್ಲೇ ಇರಲಿ.

ಸಂಜೆಯ ತಂಪಿಗೆ ಮಗಳು ಕಮಲಾಪುರಕ್ಕೆ ಫೋನು ಮಾಡಿ, ಸೋದರಮಾವನ ದನಿಯನ್ನು ತಾಯಿಯ ಕಿವಿಗೆ ಹಿಡಿದಳು. ತಾಯಿ ಕಣ್ಣು ಮುಚ್ಚಿದಳು. ಈ ಬಾರಿ ಅದು ಯಾವ ಪ್ರಶ್ನೆಗೂ ಕೊಟ್ಟ ಉತ್ತರವಾಗಿರಲಿಲ್ಲ.